ಬೆರಣಿ ಗೋಡೆಯ ಊಟ

ಮೊನ್ನೆ ಸಂಜೆ ಪಕ್ಕದ ಮನೆಗೆ ಹೋಗಿದ್ದೆ. ಹೊಸದಾಗಿ ಬಾಡಿಗೆಗೆ ಬಂದ ಹುಡುಗಿ, ಒಳ್ಳೆಯವಳು, ನಗುಮುಖದವಳು. "ಕಾಫಿ ಕುಡೀತೀರಾ ಆಂಟಿ?" ಎಂದು ಕೇಳಿದಳು. "ಅಯ್ಯೋ, ಯಾಕಮ್ಮಾ, ಬೇಡ" ಎಂದೆ. ಅವಳು "ಸರಿ ಆಂಟಿ" ಎಂದು ನನ್ನೆದುರಿಗೇ ಕಾಲು ಮಡಚಿಕೊಂಡು ಕೂತುಬಿಟ್ಟಳು! ನಾನು ಸ್ವಲ್ಪ ಹೊತ್ತು ಕಾದೆ. ಇನ್ನೊಂದು ಸಲ ಕೇಳಿಯಾಳೆಂದು ಅಡುಗೆಮನೆಯ ಕಡೆ ನೋಡಿದೆ, ಗಂಟಲು ಸರಿಮಾಡಿಕೊಂಡೆ, ಹವೆಯ ಬಗ್ಗೆ ಮಾತಾಡುತ್ತ "ಏನು ಚಳಿ ಅಂತೀನಿ" ಎಂದೂ ಹೇಳಿ ನೋಡಿದೆ. ಊಹೂಂ. ಕೊನೆಗೆ ತಲೆನೋವು ಹೊತ್ತುಕೊಂಡು ಮನೆಗೆ ಬಂದು ನಾನೇ ಕಾಫಿ ಮಾಡಿಕೊಂಡು ಕುಡಿದೆ.

ತಪ್ಪು ಅವಳದಲ್ಲ ಬಿಡಿ. ನಮ್ಮ ಕಡೆ, ಅಂದರೆ ಚಿಂತಾಮಣಿ, ಶಿಡ್ಲಘಟ್ಟದ ಸುತ್ತಮುತ್ತ, ಯಾರಾದರೂ ಏನಾದರೂ ಕೊಡುತ್ತೇನೆಂದರೆ ಮೊದಲ ಸಲಕ್ಕೇ ಹೂಂ ಅನ್ನುವುದು ಮರ್ಯಾದಸ್ಥರ ಲಕ್ಷಣವಾಗಿರಲಿಲ್ಲ. ಮೊದಲನೆಯ 'ಬೇಡ' ಲೆಕ್ಕಕ್ಕೇ ಇಲ್ಲ. ಎರಡನೆಯ ಸಲ ಕೇಳಿದಾಗ "ಈಗ ತಾನೇ ಆಯ್ತು" ಅನ್ನಬೇಕು. ಮೂರನೆಯ ಸಲಕ್ಕೆ "ಅಷ್ಟು ಬಲವಂತ ಮಾಡ್ತೀರಲ್ಲ, ಅರ್ಧ ಲೋಟ ಸಾಕು" ಎಂದು ಹೇಳಿ, ತುಂಬಿದ ಲೋಟ ಕೈಗೆ ಬಂದರೆ "ಇಷ್ಟೊಂದಾ?" ಎಂದು ಗದರಿ, ತಳ ಕಾಣುವವರೆಗೆ ಕುಡಿಯಬೇಕು. ಈ ಶಾಸ್ತ್ರ ಗೊತ್ತಿಲ್ಲದವರ ಮನೆಗೆ ಹೋದರೆ ನನ್ನಂಥವರ ಗತಿ ಅಷ್ಟೇ. "ಬೇಕಿದ್ರೆ ಬೇಕು ಅಂತ ಬಾಯಿ ಬಿಟ್ಟು ಹೇಳಮ್ಮಾ" ಎಂದು ನನ್ನ ಮಗಳು ರೇಗುತ್ತಾಳೆ. ಹೇಳಬಹುದು, ಆದರೆ ಬಾಯಿ ಬರಬೇಕಲ್ಲ!

ಈ ಕಾಯಿಲೆ ನನಗೆ ಬಂದದ್ದು ನಮ್ಮ ಅಜ್ಜಿಯಿಂದ, ಅಪ್ಪನ ತಾಯಿಯಿಂದ. ಆಕೆಯ ಒಂದು 'ಬೇಡ' ನಮ್ಮ ಬೀದಿಯನ್ನೆಲ್ಲ ಕಣ್ಣಲ್ಲಿ ನೀರು ಬರಿಸುವಷ್ಟು ಕಾಡಿತ್ತು. ಅದನ್ನು ಹೇಳಬೇಕಾದರೆ ಮೊದಲು ಬೆರಣಿ ತಟ್ಟುವ ಗೋಡೆಯಿಂದ ಶುರು ಮಾಡಬೇಕು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಚಿಂತಾಮಣಿಯಲ್ಲಿ ನಮ್ಮ ಮನೆ ಬೀದಿಯ ತುದಿಯಲ್ಲಿತ್ತು. ಊರಾಚೆ ನಮ್ಮ ಹೊಲ, ಮನೆಯ ಪಕ್ಕಕ್ಕೆ ದನದ ಕೊಟ್ಟಿಗೆ, ಕೊಟ್ಟಿಗೆಯ ಎದುರಿಗೆ ಬೀದಿಯವರೆಲ್ಲ ನೀರು ಸೇದುವ ಬಾವಿ. ಬಾವಿಗೆ ಮುಖ ಮಾಡಿದ್ದ ಕೊಟ್ಟಿಗೆಯ ಉದ್ದನೆಯ ಮಣ್ಣಿನ ಗೋಡೆ ಅಜ್ಜಿಯ ಸಾಮ್ರಾಜ್ಯ. ಬೆಳಗಾಗೆದ್ದು ಸಗಣಿ ಕಲಸಿ ಆ ಗೋಡೆಗೆ ಬೆರಣಿ ತಟ್ಟುವುದು ಆಕೆಯ ಮೊದಲ ಕೆಲಸ. ಕೈ ಬೀಸಿ ಹೊಡೆದರೆ ಬೆರಣಿ ಗೋಡೆಗೆ ಪಟ್ಟನೆ ಕೂರಬೇಕು. ಐದು ಬೆರಳಿನ ಗುರುತೂ ಅದರಲ್ಲಿ ಮೂಡಬೇಕು. ನಾನು ಹೊಡೆದದ್ದು ನನ್ನ ಲಂಗದ ಮೇಲೇ ಬಿದ್ದದ್ದುಂಟು.

ತಲೆತಲಾಂತರದಿಂದ ಆ ಬೀದಿಯಲ್ಲಿದ್ದವರು ನಾವೊಬ್ಬರೇ. ಮಿಕ್ಕವರೆಲ್ಲ ರೇಷ್ಮೆಗೋ, ತರಕಾರಿ ಮಂಡಿಗೋ, ಹೊಟ್ಟೆಪಾಡಿಗೋ ಎಲ್ಲೆಲ್ಲಿಂದಲೋ ಬಂದು ಸೇರಿಕೊಂಡವರು. ಸೇಲಂ ಕಡೆಯಿಂದ ಬಂದ ನೇಕಾರರ ಮನೆಯ ಸೆಲ್ವಮ್ಮ, ಉಡುಪಿ ಕಡೆಯಿಂದ ಬಂದು ಹೋಟೆಲಿಟ್ಟ ಭಟ್ಟರು, ಆರ್ಕಾಟಿನ ಕಡೆಯವರಾದ ಫಾತಿಮಾಬಿ. ಫಾತಿಮಾಬಿಯ ಗಂಡ ನೂಲು ಬಿಚ್ಚುವ ಕೆಲಸ ಮಾಡುತ್ತಿದ್ದರು. ಅವರ ಮನೆಯ ಮುಂದೆ ಹಾದರೆ ಬೇಯುವ ರೇಷ್ಮೆಗೂಡಿನ ವಾಸನೆ ಮೂಗಿಗೆ ಅಡರುತ್ತಿತ್ತು. ಬಾವಿಕಟ್ಟೆಯ ಬಳಿ ನಿಂತರೆ ಕನ್ನಡ, ತೆಲುಗು, ತಮಿಳು, ಉರ್ದು ಎಲ್ಲವೂ ಒಂದೇ ಹಗ್ಗದಲ್ಲಿ ನೀರು ಸೇದುತ್ತಿದ್ದವು. ನಾವು ಮಕ್ಕಳು ಯಾರ ಮನೆಯಲ್ಲಿ ಯಾವ ಭಾಷೆಯಲ್ಲಿ ಬೈಸಿಕೊಂಡೆವು ಎಂಬುದನ್ನು ನೆನಪಿಟ್ಟು ಇನ್ನೊಂದು ಮನೆಯಲ್ಲಿ ಪ್ರಯೋಗಿಸುತ್ತಿದ್ದೆವು.

ಅಜ್ಜಿಯದೊಂದು ಕಟ್ಟಳೆಯಿತ್ತು. ಬೀದಿಗೆ ಹೊಸಬರು ಬಂದ ದಿನ ಅವರ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ. ಗಾಡಿಯಿಂದ ಸಾಮಾನು ಇಳಿಸುತ್ತಿರುವಾಗಲೇ ಇಲ್ಲಿ ಎಸರಿಟ್ಟು ಹಿಟ್ಟು ತೊಳಸುತ್ತಿದ್ದಳು. ಹಿಟ್ಟು ಅಂದರೆ ನಮ್ಮಲ್ಲಿ ರಾಗಿ ಮುದ್ದೆ. ಜೊತೆಗೆ ಹುರುಳಿಕಾಳಿನ ಬಸ್ಸಾರು. ಬುಟ್ಟಿ ತಲೆಯ ಮೇಲಿಟ್ಟುಕೊಂಡು ತಾನೇ ಹೋಗುತ್ತಿದ್ದಳು, ಯಾರ ಕೈಲೂ ಕಳಿಸುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಬೇಯಿಸಿದ್ದನ್ನು ಭಟ್ಟರಂಥವರು ಉಣ್ಣುತ್ತಿರಲಿಲ್ಲ, ಆ ಕಾಲ ಹಾಗಿತ್ತು. ಅವರ ಮನೆಗೆ ಅಕ್ಕಿ, ಬೇಳೆ, ಬದನೆಕಾಯಿ, ಜೊತೆಗೆ ಒಣಗಿದ ಬೆರಣಿ ಹೋಗುತ್ತಿದ್ದವು. "ಬೇಯಿಸ್ಕೊಳ್ಳೋದು ಅವ್ರಿಷ್ಟ, ಉಪವಾಸ ಮಲಗೋದು ಮಾತ್ರ ಆಗಲ್ಲ" ಎನ್ನುತ್ತಿದ್ದಳು.

ರಾಜ್ಯ ಒಂದಾದ ಹೊಸತರಲ್ಲಿ ಧಾರವಾಡದ ಕಡೆಯಿಂದ ನಮ್ಮ ಶಾಲೆಗೆ ಒಬ್ಬ ಡ್ರಾಯಿಂಗ್ ಮೇಷ್ಟ್ರು ವರ್ಗವಾಗಿ ಬಂದರು. ಒಬ್ಬಂಟಿ, ಸಣಕಲು ದೇಹ, ಜೇಬಿನಲ್ಲಿ ಸದಾ ಬಣ್ಣದ ಸೀಮೆಸುಣ್ಣ. ನಮ್ಮ ಬೀದಿಯಲ್ಲೇ ಒಂದು ಕೋಣೆ ಹಿಡಿದರು. ದಿನಾ ಸಂಜೆ ನೀರಿಗೆ ಬಂದಾಗ ಕೊಡ ಕೆಳಗಿಟ್ಟು ನಮ್ಮ ಗೋಡೆಯನ್ನೇ ನೋಡುತ್ತ ನಿಲ್ಲುತ್ತಿದ್ದರು. ನಾನು ಬೆರಣಿಗೆ ಆಸೆಪಟ್ಟಿದ್ದಾರೆ ಅಂದುಕೊಂಡಿದ್ದೆ. ಒಂದು ದಿನ ತಾತನ ಬಳಿ ಬಂದು, "ಇಂಥಾ ಗ್ವಾಡಿ ಸುಮ್ನ ಬಿಟ್ಟೀರಲ್ರಿ, ನಂಗ್ ಕೊಡ್ರಿ, ಚಿತ್ರಾ ಬರೀತೀನಿ" ಎಂದರು.

ಅವರ ಯೋಚನೆ ಹೀಗಿತ್ತು. ಬಾವಿಯ ಬಳಿ ಹೆಂಗಸರು ಆಡುವ ಮಾತೆಲ್ಲ ಊಟದ್ದೇ. ನಮ್ಮೂರಲ್ಲಿ ಹಾಗೆ ಮಾಡುತ್ತಿದ್ದೆವು, ನಮ್ಮಮ್ಮ ಹೀಗೆ ಮಾಡುತ್ತಿದ್ದಳು ಅಂತ. ಪ್ರತಿ ಮನೆಯವರೂ ಬಿಟ್ಟು ಬಂದ ಊರಿನಿಂದ ತಂದ ಒಂದೊಂದು ತಿನಿಸನ್ನು ಗೋಡೆಯ ಮೇಲೆ ಬರೆಯುವುದು. ದೀಪಾವಳಿಯ ದಿನ ಅದರ ಮುಂದೆಯೇ ಬೀದಿಯವರೆಲ್ಲ ತಂದದ್ದನ್ನು ಹಂಚಿಕೊಂಡು ತಿನ್ನುವುದು. ತಾತನಿಗೆ ಹಿಡಿಸಿತು. ಗೋಡೆಯ ಯಜಮಾನಿಯ ಒಪ್ಪಿಗೆ ಬೇಕಲ್ಲ? ತಾತ ಕೇಳಿದರು. ಅಜ್ಜಿ ಬೇಡ ಅಂದಳು. ತಾತ ಎಲೆ ಅಡಿಕೆ ಹಾಕಿಕೊಂಡು ಇನ್ನೊಮ್ಮೆ ಕೇಳಿದರು. ಬೆರಣಿ ಎಲ್ಲಿ ತಟ್ಟಲಿ ಅಂದಳು. ಮೂರನೆಯ ಸಲಕ್ಕೆ ಹಿತ್ತಲ ಗೋಡೆಗೆ ತಟ್ಟುತ್ತೇನೆಂದು ತಾನೇ ಒಪ್ಪಿ, ಇದ್ದ ಬೆರಣಿಗಳನ್ನೆಲ್ಲ ಕಿತ್ತು ಗೋಡೆಗೆ ಸುಣ್ಣ ಬಳಿಸಿಕೊಟ್ಟಳು. ತಾತ ಸಂಸಾರ ಮಾಡಿದವರು, ಅವರಿಗೆ ಈ ಲೆಕ್ಕ ಗೊತ್ತಿತ್ತು.

ಮೇಷ್ಟ್ರು ಈಚಲು ಕಡ್ಡಿ ಜಜ್ಜಿ ಕುಂಚ ಮಾಡಿಕೊಂಡರು. ಕೆಮ್ಮಣ್ಣು, ಇದ್ದಿಲು, ಬಟ್ಟೆಗೆ ಹಾಕುವ ನೀಲಿ, ಇವೇ ಬಣ್ಣ. ಅಬ್ಬಾ, ಆ ದಿನಗಳ ಗಲಾಟೆ! ಗೌರಿಬಿದನೂರಿನಿಂದ ಬಂದ ದರ್ಜಿಯೊಬ್ಬರು ನಮ್ಮ ಬೀದಿಯಲ್ಲಿದ್ದರು. "ಗೌರಿಬಿದನೂರು ಏನು ಪರದೇಶವಾ, ಅವರದ್ದು ಲೆಕ್ಕಕ್ಕಿಲ್ಲ" ಎಂದು ಭಟ್ಟರು ತಕರಾರು ತೆಗೆದರು. ದರ್ಜಿಗೆ ರೇಗಿಹೋಯಿತು. "ಏಮಂಡೀ ಭಟ್ರೇ, ನಾನು ರೈಲು ಬದಲಾಯಿಸ್ಕೊಂಡು ಬಂದೋನು. ನೀವು ಬರೀ ಬಸ್ಸಲ್ಲಿ ಕೂತು ಬಂದೋರಲ್ವಾ?" ಎಂದರು. ಬಸ್ಸು, ರೈಲಿನ ವಾದ ಎರಡು ಸಂಜೆ ನಡೆದು, ಕೊನೆಗೆ ದರ್ಜಿಯ ಮನೆಯ ಕಡಲೆಕಾಯಿ ಹೋಳಿಗೆಗೆ ಗೋಡೆಯಲ್ಲಿ ಜಾಗ ಸಿಕ್ಕಿತು. ಆ ಹೋಳಿಗೆಯ ಚಿತ್ರವನ್ನು ಯಾರೂ ಇಲ್ಲದಾಗ ನೆಕ್ಕಿ ನೋಡಿದವರಲ್ಲಿ ನಾನೂ ಒಬ್ಬಳು. ಸುಣ್ಣ ತಾಗಿ ನಾಲಿಗೆ ಸುಟ್ಟುಹೋಯಿತು.

ಫಾತಿಮಾಬಿಯ ಬಿರಿಯಾನಿಯದು ಇನ್ನೊಂದು ಪಂಚಾಯಿತಿ. ಮಾಂಸದ ಚಿತ್ರದ ಪಕ್ಕ ತಮ್ಮ ಇಡ್ಲಿ ಇರಕೂಡದು ಎಂದು ಭಟ್ಟರು. ಇಡ್ಲಿ ಬೇಕಾದರೆ ಆಚೆ ಜರುಗಲಿ ಎಂದು ಸೆಲ್ವಮ್ಮ. ಮೇಷ್ಟ್ರು ತಲೆ ಕೆರೆದುಕೊಂಡು, ಮುಚ್ಚಳ ಮುಚ್ಚಿದ ದೊಡ್ಡ ದೇಗ್ಚಿ ಬರೆದು, ಅಂಚಿನಿಂದ ಹಬೆ ಏಳುವ ಹಾಗೆ ಮಾಡಿದರು. "ಒಳಗ ಏನೈತಿ ಅನ್ನೋದು ನೋಡೋರ ಪುಣ್ಯಾ" ಎಂದರು. ಫಾತಿಮಾಬಿ ಸೆರಗು ಬಾಯಿಗೆ ಹಿಡಿದು ನಕ್ಕದ್ದೇ ನಕ್ಕದ್ದು. ಸೆಲ್ವಮ್ಮನದು ಉಕ್ಕಿ ಹರಿಯುವ ಪೊಂಗಲ್ ಮಡಕೆ, ಮೇಷ್ಟ್ರದು ಜೋಳದ ರೊಟ್ಟಿ. ರೊಟ್ಟಿ ಬರೆಯುವ ದಿನ ಅವರು ಯಾರೊಡನೆಯೂ ಮಾತಾಡಲಿಲ್ಲ. ಅವರ ತಾಯಿ ನೆನಪಾಗಿರಬೇಕು, ಪಾಪ.

ನಮ್ಮ ಮನೆಯ ಸರದಿಯೂ ಬಂದಿತ್ತು. ಅಜ್ಜಿ ಜಗಲಿಯಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಕಾಳು ಕದಿಯುತ್ತಿದ್ದೆ. ಮೇಷ್ಟ್ರು ಕೈಕಟ್ಟಿ ನಿಂತು ಕೇಳಿದರು.

"ಅಮ್ಮಾರ, ನಿಮ್ಮ ಮನೀದು ಏನ್ ಬರೀಲ್ರಿ? ನಿಮ್ಮ ಹಿರ್ಯಾರು ಎಲ್ಲಿಂದ ಏನ್ ತಂದಿದ್ರು?"

"ನಾವೆಲ್ಲಿಂದ ಬಂದೋರು ಮೇಷ್ಟ್ರೇ? ಈ ಮಣ್ಣಲ್ಲೇ ಇದ್ದೋರು. ಹಿಟ್ಟು ತಿನ್ನೋ ಜನ, ನಮ್ದೇನಿದೆ ಬರೆಯೋಕೆ? ಬೇಡ ಬಿಡಿ" ಎಂದಳು ಅಜ್ಜಿ. ಹೇಳುವಾಗ ಮುಖದಲ್ಲಿ ಸಣ್ಣ ನಗೆಯಿತ್ತು, ಸೆರಗನ್ನೂ ಸರಿಮಾಡಿಕೊಂಡಳು.

"ಆತ್ರಿ ಅಮ್ಮಾರ, ಹಂಗಾರ ಬಿಡ್ತೀನ್ರಿ" ಎಂದು ಮೇಷ್ಟ್ರು ನಮಸ್ಕಾರ ಹಾಕಿ ಹೊರಟೇಹೋದರು.

ಅಜ್ಜಿಯ ಕೈಯಲ್ಲಿ ಅಲಸಂದೆಕಾಯಿ ಹಾಗೇ ನಿಂತಿತು. ಮೇಷ್ಟ್ರು ತಿರುಗಿ ಬರುತ್ತಾರೇನೋ ಎಂದು ಬೀದಿಯ ಆ ತುದಿಯವರೆಗೂ ನೋಡಿದಳು. ಬರಲಿಲ್ಲ. ಅವತ್ತು ಕದ್ದ ಕಾಳಿಗೆ ನನಗೆ ಬಿದ್ದ ಏಟು ನನ್ನ ಪಾಲಿನದಾಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಮಾರನೆಯ ದಿನದಿಂದ ಅಜ್ಜಿ ಆ ಗೋಡೆಯ ಕಡೆ ಮುಖ ಹಾಕುವುದನ್ನೇ ಬಿಟ್ಟಳು. ಬಾವಿಗೆ ಹೋಗಲು ಹಿತ್ತಲ ಬಾಗಿಲಿನಿಂದ ಸುತ್ತು ಬಳಸಿ ಹೋಗುತ್ತಿದ್ದಳು. ಗೋಡೆ ತುಂಬುತ್ತ ಬಂತು, ಜನ ನೋಡಲು ಬರತೊಡಗಿದರು. ಒಂದು ಮಧ್ಯಾಹ್ನ ಬಸ್ಸು ಕೆಟ್ಟು ನಿಂತು, ಅದರಲ್ಲಿದ್ದವರು ಚಿತ್ರ ನೋಡಿ ಇದೇ ಹೋಟೆಲು ಅಂದುಕೊಂಡು ನಮ್ಮ ಜಗಲಿಯ ಮೇಲೆ ಸಾಲಾಗಿ ಕೂತು, ಇಡ್ಲಿ ಬಿಸಿಯಿದೆಯಾ ಎಂದು ಕೂಗಿದರು. ಅಜ್ಜಿ ಸಿಡಿಸಿಡಿ ಅನ್ನುತ್ತಲೇ ಒಳಗೆ ಹೋಗಿ ಹಿಟ್ಟು ತೊಳಸಿ ತಂದು ಬಡಿಸಿದಳು. "ಗೋಡೆ ಮೇಲೆ ಇರೋದನ್ನ ಗೋಡೆನೇ ಕೇಳಿ. ನಮ್ಮನೇಲಿ ಇರೋದು ಇದು" ಎಂದಳು. ಅವರು ಉಂಡು ಹರಸಿ ಹೋದರು. ಆಗಲೂ ಅಜ್ಜಿಯ ಮುಖ ಅರಳಲಿಲ್ಲ.

ದೀಪಾವಳಿ ಹತ್ತಿರ ಬರುತ್ತಿದ್ದಂತೆ ಒಂದು ಬೆಳಗ್ಗೆ ಎದ್ದು ನೋಡಿದರೆ ಚಿತ್ರದ ಗೋಡೆಯ ಬುಡದಲ್ಲಿ ಒಂದು ಸಾಲು ಹಸಿ ಬೆರಣಿ! ಮಾರನೆಯ ದಿನ ಅದರ ಮೇಲೆ ಇನ್ನೊಂದು ಸಾಲು. ದಿನದಿಂದ ದಿನಕ್ಕೆ ಬೆರಣಿ ಮೇಲೇರುತ್ತಿತ್ತು. ಗೋಡೆ ಅಜ್ಜಿಯದು, ಬೆರಣಿ ಅಜ್ಜಿಯದು, ಕೇಳುವ ಧೈರ್ಯ ಯಾರಿಗಿದೆ? ತಾತನನ್ನು ಕೇಳಿದರೆ ಅವರು ಎಲೆಗೆ ಸುಣ್ಣ ಹಚ್ಚುತ್ತ, "ಗೋಡೆ ಕೊಡ್ಸೋಕೆ ಆಯ್ತು, ಬಿಡ್ಸೋಕೆ ನನ್ ಕೈಲಾಗಲ್ಲ" ಎಂದರು. ಸಾಲು ಮೇಷ್ಟ್ರ ರೊಟ್ಟಿಯ ಅಂಚಿಗೆ ಬಂದು ನಿಂತಿತು.

ಆಗ ಬಾಯಿ ಬಿಟ್ಟವಳು ನಮ್ಮಮ್ಮ. ಸೊಸೆ, ಅತ್ತೆಯ ವಿಷಯ ಆಡಬಾರದು, ಆದರೂ ಬಾವಿಯ ಬಳಿ ಮೆಲ್ಲಗೆ ಹೇಳಿದಳು. "ಮೇಷ್ಟ್ರು ಕೇಳಿದ್ರಂತೆ. ಅತ್ತೆ ಬೇಡ ಅಂದ್ರಂತೆ. ಮೇಷ್ಟ್ರು ಹಂಗೇ ಹೊರಟುಹೋದ್ರಂತೆ ಕಣ್ರೇ."

ಸೆಲ್ವಮ್ಮ ಸೇದುತ್ತಿದ್ದ ಹಗ್ಗ ಬಿಟ್ಟೇಬಿಟ್ಟಳು. ಬಿಂದಿಗೆ ದಡಾರನೆ ಬಾವಿಗೆ ಬಿತ್ತು. "ಒಂದೇ ಸಲಕ್ಕಾ?" ಎಂದಳು.

"ಒಂದೇ ಸಲಕ್ಕೆ."

"ಅಯ್ಯೋ ದೇವುಡಾ" ಎಂದು ದರ್ಜಿಯ ಹೆಂಡತಿ ಹಣೆ ಚಚ್ಚಿಕೊಂಡಳು. ಬಿಂದಿಗೆಯ ಯೋಚನೆ ಯಾರಿಗೂ ಬರಲಿಲ್ಲ. ಎಲ್ಲರೂ ಕೊಡ ಅಲ್ಲಲ್ಲೇ ಬಿಟ್ಟು ಮೇಷ್ಟ್ರ ಕೋಣೆಗೆ ನುಗ್ಗಿದರು. ನಾನೂ ಹಿಂದೆ ಓಡಿದೆ, ಇಂಥದ್ದನ್ನೆಲ್ಲ ನಾನು ತಪ್ಪಿಸಿಕೊಂಡವಳೇ ಅಲ್ಲ.

ಪಾಪ ಮೇಷ್ಟ್ರು, ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕೂತಿದ್ದವರು ಕಂಗಾಲಾದರು. "ಅವ್ರ ಬ್ಯಾಡ ಅಂದ್ರಲ್ರಿ! ಹಿರ್ಯಾರು ಬ್ಯಾಡ ಅಂದ್ಮ್ಯಾಗ ಮತ್ತ ಕೇಳೋದು ತಪ್ಪಲ್ಲೇನ್ರಿ?"

"ನೀವು ಈ ಬೀದಿಗೆ ಬಂದ ದಿನ ನಮ್ಮತ್ತೆ ಊಟ ತಂದಿದ್ರಲ್ಲ, ನೀವೇನಂದ್ರಿ?" ಎಂದು ಅಮ್ಮ ಕೇಳಿದಳು.

"ನಾನೂ ಬ್ಯಾಡ್ರೀ ಅಂದೆ. ಅವ್ರ ಕೇಳ್ದನ ನೀಡಿಬಿಟ್ರು. ನಾ ಏನ್ ತಿಳದೆ ಅಂದ್ರ..." ಮೇಷ್ಟ್ರು ತಲೆ ತಗ್ಗಿಸಿದರು, "ಅಮ್ಮಾರಿಗೆ ಕಿವಿ ಮಂದ ಅಂತ ತಿಳದಿದ್ದೆ."

ಎಲ್ಲರೂ ಗೊಳ್ಳೆಂದು ನಕ್ಕರು. ಫಾತಿಮಾಬಿ ಮಾತ್ರ ನಗಲಿಲ್ಲ. ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಮೇಷ್ಟ್ರೇ, ನಾವು ಬಂದ ದಿನ ನಾನೂ ಬೇಡಾ ಅಂದಿದ್ದೆ" ಎಂದಳು. "ಹೊಟ್ಟೆ ತುಂಬೈತೆ ಅಮ್ಮಾ ಅಂದಿದ್ದೆ. ಸುಳ್ಳು! ಬೆಳಗ್ಗಿಂದ ನೀರು ಬಿಟ್ರೆ ಏನೂ ಇರ್ಲಿಲ್ಲ. ಗೊತ್ತಿಲ್ದಿರೋ ಊರು, ಗೊತ್ತಿಲ್ದಿರೋ ಜನ, ಬೇಕು ಅನ್ನೋಕೆ ಶರಮ್. ಆ ಅಮ್ಮ ನನ್ನ ಮಾತು ಕೇಳ್ಲೇ ಇಲ್ಲ. ಮಕ್ಕಳ ಮುಂದೆ ಕೂತ್ಕೊಂಡು ಮುದ್ದೆ ಮುರಿದು ತಟ್ಟೆಗೆ ಹಾಕ್ಬಿಟ್ರು. ನಾನು ಬೇಡಾ ಅಂದಿದ್ದು ನಿಜ ಅಂತ ತಿಳ್ಕೊಂಡು ಬುಟ್ಟಿ ಎತ್ಕೊಂಡು ವಾಪಸ್ ಹೋಗಿದ್ರೆ? ಹಾಂ? ನೀವು ಹೋಗ್ಬಿಟ್ರಲ್ಲ, ಹಂಗೆ!"

ಸೆಲ್ವಮ್ಮ ಮೂಗು ಸೀಟಿಕೊಂಡಳು. ಅಲ್ಲಿದ್ದವರೆಲ್ಲರೂ ಒಂದೊಂದು ಸಂಜೆ ಆ ಬುಟ್ಟಿಯ ಮುಂದೆ ಬೇಡ ಅಂದವರೇ. ಮೇಷ್ಟ್ರು ಎದ್ದು ಮುಖದ ಸೋಪು ಒರೆಸಿಕೊಂಡು ಕುಂಚ ಹುಡುಕತೊಡಗಿದರು. ಹುಡುಕುತ್ತ ನಿಂತು, "ಆದ್ರ ಗ್ವಾಡಿ ತುಂಬೇತಲ್ರಿ, ಜಾಗ ಎಲ್ಲೈತಿ?" ಎಂದರು.

"ನನ್ನ ದೇಗ್ಚಿ ಅರ್ಧ ಅಳಿಸಿ" ಎಂದಳು ಫಾತಿಮಾಬಿ.

"ನಮ್ಮ ಪೊಂಗಲ್ ಉಕ್ಕಿದ್ದು ಸಾಕು, ಅಲ್ಲಿ ಜಾಗ ಆಗುತ್ತೆ" ಎಂದಳು ಸೆಲ್ವಮ್ಮ. ದರ್ಜಿಯ ಹೆಂಡತಿ ಹೋಳಿಗೆಗಳಲ್ಲಿ ಎರಡು ಬಿಟ್ಟುಕೊಟ್ಟಳು. ಭಟ್ಟರಿಗೆ ಸುದ್ದಿ ಹೋಗಿ, ಅವರೂ ಹೆಗಲ ಮೇಲಿನ ಪಂಚೆ ಸರಿಪಡಿಸಿಕೊಳ್ಳುತ್ತ ಬಂದು, "ನಮ್ಮ ಚಟ್ನಿ ಬಟ್ಟಲು ತೆಗೀರಿ ಮಾರಾಯ್ರೆ, ಇಡ್ಲಿ ಒಂದಿದ್ರೆ ಸಾಕು" ಎಂದರು. ಪಂಕ್ತಿಯಲ್ಲಿ ತಡವಾಗಿ ಬಂದವರಿಗೆ ಎಲ್ಲರೂ ಸ್ವಲ್ಪ ಸ್ವಲ್ಪ ಜರುಗಿ ಎಲೆ ಹಾಕಿಸುತ್ತಾರಲ್ಲ, ಹಾಗೆ.

ನಾವೆಲ್ಲ ಕೊಟ್ಟಿಗೆಯ ಬಳಿ ಹೋದಾಗ ಅಜ್ಜಿ ಗೋಡೆಯ ಬುಡದಲ್ಲೇ ಇದ್ದಳು. ಸೀರೆ ಮೊಳಕಾಲಿಗೆ ಎತ್ತಿ ಕಟ್ಟಿ, ಎರಡೂ ಕೈ ಸಗಣಿಯಾಗಿ, ರೊಟ್ಟಿಯ ಪಕ್ಕಕ್ಕೆ ಬೆರಣಿ ತಟ್ಟಲು ಕೈ ಎತ್ತಿದ್ದಳು. ಬೀದಿಗೆ ಬೀದಿಯೇ ಬಂದು ನಿಂತದ್ದನ್ನು ನೋಡಿಯೂ ನೋಡದವಳ ಹಾಗೆ ಪಟ್ಟನೆ ತಟ್ಟಿದಳು.

ಮೇಷ್ಟ್ರು ಮುಂದೆ ಬಂದರು. "ಅಮ್ಮಾರ, ನಿಮ್ಮ ಮುದ್ದಿ ಬರೀತೀನ್ರಿ."

"ಬೇಡ ಅಂದಿದ್ನಲ್ಲ ಮೇಷ್ಟ್ರೇ."

ಮೇಷ್ಟ್ರು ಗಾಬರಿಯಿಂದ ಹಿಂದೆ ತಿರುಗಿದರು. ಫಾತಿಮಾಬಿ ಬಿಡಬೇಡಿ ಎಂದು ಕೈಸನ್ನೆ ಮಾಡಿದಳು.

"ನಿಮ್ದ ಬರೀದಿದ್ರ ಈ ಚಿತ್ರಾ ಸುಳ್ಳಾಗ್ತೈತ್ರಿ ಅಮ್ಮಾರ. ಬರೀತೀನ್ರಿ."

"ನಾವು ಎಲ್ಲಿಂದಾನೂ ಬಂದೋರಲ್ಲ. ಬಂದೋರ ಸಾಲಲ್ಲಿ ನಮಗೇನು ಕೆಲಸ? ಜಾಗಾನೂ ಇಲ್ಲ, ಬೇಡ." ಅಜ್ಜಿಯ ದನಿ ಸಣ್ಣಗಾಗಿತ್ತು.

ಮೂರನೆಯ ಸಲ ಮೇಷ್ಟ್ರು ಕೇಳಲೇ ಇಲ್ಲ. ಸುಣ್ಣದಲ್ಲಿ ಕುಂಚ ಅದ್ದಿ ದೇಗ್ಚಿಯ ಒಂದು ಬದಿ ಅಳಿಸಿದರು, ಮಡಕೆಯಿಂದ ಉಕ್ಕಿದ್ದನ್ನು ಅಳಿಸಿದರು, ಗೋಡೆಯ ಮಧ್ಯಕ್ಕೆ ಒಂದು ಜಾಗ ಆಯಿತು. ಇದ್ದಿಲಿಗೆ ಕೆಮ್ಮಣ್ಣು ಕಲಸಿ ಅಲ್ಲೊಂದು ಗುಂಡನೆಯ ಗೆರೆ ಎಳೆದರು. ಅಜ್ಜಿಯ ಕೈಯಲ್ಲಿದ್ದ ಸಗಣಿ ಕೈಯಲ್ಲೇ ಉಳಿಯಿತು.

"ಬೇಡ ಬೇಡ ಅಂತ ಹೇಳ್ತಾನೇ ಇದೀನಿ, ಕೇಳಲ್ವಲ್ಲ ಈ ಜನ" ಎಂದಳು. ಕಣ್ಣಿಂದ ನೀರು ಧಾರಾಕಾರ. ಒರೆಸಿಕೊಳ್ಳೋಣವೆಂದರೆ ಎರಡೂ ಕೈ ಸಗಣಿ. ತೋಳಿಗೆ ಮುಖ ಒತ್ತಿಕೊಂಡಳು. ಅಮ್ಮ ಹೋಗಿ ತನ್ನ ಸೆರಗಿನಿಂದ ಒರೆಸಿದಳು. ಅತ್ತೆಯ ಮುಖವನ್ನು ಅಮ್ಮ ಮುಟ್ಟಿದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ.

ಅಜ್ಜಿ ಮೂಗೆಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದು, ತಲೆ ವಾರೆ ಮಾಡಿ, ಗೋಡೆಯ ಮೇಲಿನ ಆ ಗುಂಡನ್ನು ನೋಡಿದಳು. ಹುಬ್ಬು ಗಂಟಿಕ್ಕಿತು.

"ಅದೇನು ಮೇಷ್ಟ್ರೇ, ನಿಂಬೆಹಣ್ಣಾ?" ಎಂದಳು. "ದೊಡ್ಡದಾಗಿ ಬರೀರಿ. ಇನ್ನೂ ಬರೋರಿಗೂ ಸಾಲ್ಬೇಕಲ್ಲ!"